ಬೀಗರು ಬಂದಾಗ ಎಲೆಯ ಮೇಲಿದ್ದ ಮೀನು

ಮಾಡಿದ ತಪ್ಪಿಗೆ ನಾಚಿಕೊಳ್ಳುವುದು ಅಷ್ಟೇನೂ ಕಷ್ಟದ ಕೆಲಸವಲ್ಲ. ತಲೆ ತಗ್ಗಿಸಿ ನಿಂತರೆ ಎದುರಿನವರೇ ಸೋತು "ಆತು ಬಿಡ್ರಿ, ಆಗಿದ್ದು ಆತು" ಅನ್ನುತ್ತಾರೆ. ಮಾಡದ ತಪ್ಪಿಗೆ ನಾಚಿಕೊಳ್ಳುವುದಿದೆಯಲ್ಲ, ಅದರ ಪಾಡೇ ಬೇರೆ. ಕ್ಷಮೆ ಕೇಳಿದರೆ ತಪ್ಪು ಒಪ್ಪಿಕೊಂಡ ಹಾಗೆ, ಕೇಳದಿದ್ದರೆ ಸೊಕ್ಕು ಬಂದ ಹಾಗೆ. ರಾಣೆಬೆನ್ನೂರಿನ ಪೇಟೆಯಲ್ಲಿ ನಾನು ಕೊಡೆ ಹಿಡಿದು ಹೋಗುವಾಗ ಅಂಗಡಿಯ ಕಟ್ಟೆಗಳ ಮೇಲೆ ಕೂತವರು "ಮೀನಿನ ಮಾಸ್ತರ ಹೊಂಟ್ರು ನೋಡು" ಅಂತ ಒಬ್ಬರಿಗೊಬ್ಬರು ಹೇಳಿಕೊಳ್ಳುವುದು ನನ್ನ ಕಿವಿಗೆ ಬೀಳುತ್ತದೆ. ನಾನು ಮೀನು ತಿಂದವನಲ್ಲ. ತಿನ್ನುವುದಿರಲಿ, ಕೋಳಿಮೊಟ್ಟೆಯ ಚಿತ್ರವಿದ್ದ ಪುಸ್ತಕವನ್ನು ನಮ್ಮವ್ವ ಅಡುಗೆಮನೆಯ ಹೊಸ್ತಿಲು ದಾಟಿಸುತ್ತಿರಲಿಲ್ಲ. ಅಂಥ ಮನೆಯವನಿಗೆ ಇಂಥ ಹೆಸರು ಹೇಗೆ ಬಂತು ಅನ್ನುವುದನ್ನು ನಿಮಗಾದರೂ ಹೇಳಿಬಿಡುತ್ತೇನೆ.

ನಾನು ಹೈಸ್ಕೂಲಿನಲ್ಲಿ ಶಾಸ್ತ್ರ ಕಲಿಸುವ ಮಾಸ್ತರ. ಶಾಸ್ತ್ರ ಅಂದರೆ ಪಂಚಾಂಗದ್ದಲ್ಲ, ವಿಜ್ಞಾನದ್ದು. ಧಾರವಾಡದಲ್ಲಿ ಓದುವಾಗ ಕಪ್ಪೆ, ಓತಿಕ್ಯಾತ, ಮೀನುಗಳ ಎಲುಬುಗಳನ್ನು ಕಾಗದದ ಮೇಲೆ ಬರೆದೂ ಬರೆದೂ ಪಾಸಾದವನು. ಬರೆದದ್ದೆಲ್ಲ ಪುಸ್ತಕ ನೋಡಿ. ನಮ್ಮ ಶಾಲೆಯ ಶಾಸ್ತ್ರದ ಕಪಾಟಿನಲ್ಲಿ ಆಗ ಇದ್ದ ಆಸ್ತಿ ಒಂದು ಗೀಜಗನ ಗೂಡು, ತುಕ್ಕು ಹಿಡಿದ ಒಂದು ಅಯಸ್ಕಾಂತ, ಬಾಟಲಿಯಲ್ಲಿ ಮುಳುಗಿ ಬಣ್ಣಗೆಟ್ಟಿದ್ದ ಒಂದು ಹಾವಿನ ಮರಿ, ಇಷ್ಟೇ. ಪ್ರತಿವರ್ಷ ಇನ್ಸ್ಪೆಕ್ಟರ್ ಸಾಹೇಬರು ಬಂದು ಆ ಹಾವನ್ನು ನೋಡಿ "ಮತ್ತೇನದ?" ಅಂತ ಕೇಳುತ್ತಿದ್ದರು. ಒಂದು ಅಸ್ಥಿಪಂಜರವಿದ್ದರೆ ಅವರ ಬಾಯಿ ಮುಚ್ಚಿಸಬಹುದಿತ್ತು ಅಂತ ನನಗೆ ಬಹಳ ದಿನದ ಆಸೆ. ದೇವರು ಕೆಲವು ಆಸೆಗಳನ್ನು ಈಡೇರಿಸುವಾಗ ಮುಹೂರ್ತ ನೋಡುವುದಿಲ್ಲ.

ಯುದ್ಧದ ಕಾಲ ಅದು. ಸಕ್ಕರೆ, ಸೀಮೆಎಣ್ಣೆಗಳಿಗೆ ಸರತಿ ನಿಲ್ಲಬೇಕಾಗಿತ್ತು. ವರಗಳಿಗೂ ಹೆಚ್ಚು ಕಡಿಮೆ ಹಾಗೇ ಇತ್ತು. ನನ್ನ ತಂಗಿ ಶಾಂತಾಳನ್ನು ನೋಡಲು ನಾಲ್ಕೈದು ಕಡೆಯವರು ಬಂದು, ಉಪ್ಪಿಟ್ಟು ತಿಂದು, "ತಿಳಿಸ್ತೇವಿ" ಅಂತ ಹೋಗಿ, ತಿಳಿಸದೆ ಉಳಿದಿದ್ದರು. ಅಪ್ಪ ಇರಲಿಲ್ಲ. ಅವ್ವ ದಿನಾ ದೇವರ ಮುಂದೆ ಕೂತು ಕಣ್ಣು ಒರೆಸಿಕೊಳ್ಳುತ್ತಿದ್ದಳು. ಅಂಥದ್ದರಲ್ಲಿ ಬ್ಯಾಡಗಿಯಿಂದ ಒಂದು ಒಳ್ಳೆಯ ಸಂಬಂಧ ಬಂತು. ಗುರುಶಾಂತಪ್ಪ ಸಾಹುಕಾರರು ಮೆಣಸಿನಕಾಯಿ ವ್ಯಾಪಾರದವರು. ಮಗ ಓದಿದವನು, ತಂಟೆ ಇಲ್ಲದವನು. ಸಾಹುಕಾರರ ವಿಧವೆ ಅಕ್ಕ ನೀಲಮ್ಮ ಆ ಮನೆಯ ಯಜಮಾನಿ. ಆಕೆಯ ಆಚಾರ ಎಷ್ಟು ಬಿಗಿ ಅಂದರೆ ಪರಸ್ಥಳದಲ್ಲಿ ನೀರು ಕುಡಿಯುವ ಮೊದಲು ಬಾವಿಯ ಕುಲಗೋತ್ರ ವಿಚಾರಿಸುತ್ತಾರೆ ಅಂತ ನಮಗೆ ಸುದ್ದಿ. "ಇದೂ ತಪ್ಪಿದ್ರ ನಾ ಇನ್ನ ಯಾರ ಮುಂದೂ ಹುಡುಗೀನ ಕುಂದ್ರಸೂದಿಲ್ಲ" ಅಂದಿದ್ದಳು ಅವ್ವ.

ನಮ್ಮದು ಮಣ್ಣಿನ ಮಾಳಿಗೆಯ ಮನೆ. ಮಳೆಗಾಲಕ್ಕೆ ಮೊದಲು ಮಾಳಿಗೆಯ ಮೇಲೆ ಹೊಸ ಮಣ್ಣು ಹಾಕಿ ಬಡಿದು ಗಟ್ಟಿ ಮಾಡದಿದ್ದರೆ ಒಳಗೆ ಕೊಡೆ ಹಿಡಿದು ಉಣ್ಣಬೇಕಾಗುತ್ತದೆ. ಕುಪ್ಪೇಲೂರಿನ ನಮ್ಮ ಕಾಕಾ ಹೊಳೆದಂಡೆಯ ಮಣ್ಣು ಒಳ್ಳೆಯದೆಂದು ಎರಡು ಚಕ್ಕಡಿ ತುಂಬಿಸಿ ಕಳಿಸಿದ್ದ. ಅದು ಬಂದು ಅಂಗಳದಲ್ಲಿ ಬಿದ್ದದ್ದು ಬೀಗರು ಬರುವ ದಿನವೇ. ಅವರು ಬರುವುದು ಸಂಜೆಯ ಗಾಡಿಗೆ, ಅಷ್ಟರಲ್ಲಿ ಮಣ್ಣನ್ನು ಮೇಲೆ ಸಾಗಿಸೋಣ ಅಂತ ನಾನೇ ಸಲಿಕೆ ಹಿಡಿದೆ. ಮೂರು ಬುಟ್ಟಿ ತುಂಬಿರಬೇಕು, ಸಲಿಕೆಗೆ ಖಣ್ ಅಂತ ಏನೋ ತಾಗಿತು. ಎಳೆದರೆ ಒಂದು ದವಡೆ. ಅದರ ತುಂಬ ಸಣ್ಣ ಸಣ್ಣ ಹಲ್ಲು. ಅದರ ಹಿಂದೆ ಒಂದು ಬೆನ್ನೆಲುಬಿನ ಸಾಲು, ಮುಗಿಯುವುದೇ ಇಲ್ಲ!

"ಎಲುಬ! ಬೀಗರು ಬರೋ ದಿನಾ ಮನಿ ಮುಂದ ಎಲುಬ!" ಅಂತ ಅವ್ವ ಅಲ್ಲೇ ಕುಸಿದಳು. ಪಕ್ಕದ ಮನೆಯ ಕಲ್ಲಪ್ಪ ಗೋಡೆಯ ಮೇಲಿಂದ ಇಣುಕಿ, "ಮಾಸ್ತರ, ಕೂಸಿಂದ ಇರಬೇಕ್ರಿ. ಯಾವುದಕ್ಕೂ ಫೌಜದಾರಗ ಒಂದು ಮಾತ ತಿಳಿಸಿಬಿಡ್ರಿ" ಅಂತ ಧೈರ್ಯ ಹೇಳಿದ. ಆಕಳಿನದಿದ್ದರೆ ಮನೆ ಶುದ್ಧಿಯಾಗದೆ ಶುಭಕಾರ್ಯದ ಮಾತೆತ್ತುವಂತಿಲ್ಲ ಅಂತ ಅವ್ವ. ಮನುಷ್ಯರದಿದ್ದರೆ ಪೊಲೀಸರ ಪಂಚನಾಮೆ. ಎರಡರಲ್ಲಿ ಯಾವುದಾದರೂ ಬ್ಯಾಡಗಿಯ ಸಂಬಂಧ ತಪ್ಪಿತೆಂದೇ ಅರ್ಥ. ನಾನು ಬೆನ್ನೆಲುಬಿನ ಒಂದು ತುಂಡನ್ನು ಎತ್ತಿ ನೋಡಿದೆ. ಎರಡೂ ಕಡೆ ಬಟ್ಟಲಿನ ಹಾಗೆ ತಗ್ಗು. ಧಾರವಾಡದಲ್ಲಿ ನೂರು ಸಲ ಬರೆದದ್ದು!

"ಅವ್ವಾ, ಆಕಳೂ ಅಲ್ಲ, ಮನಷಾನೂ ಅಲ್ಲ. ಇದು ಮೀನ!" ಅಂದೆ. ಅದನ್ನು ಎಷ್ಟು ಸಂತೋಷದಿಂದ ಅಂದೆನೆಂದರೆ ಅವ್ವ ನನ್ನ ಮುಖವನ್ನೇ ದಿಟ್ಟಿಸಿದಳು. "ಖರೇನಾ? ಬೀಗರು ಕೇಳಿದ್ರ ಆಣಿ ಮಾಡಿ ಹೇಳ್ತೀಯಾ?" ಅಂದಳು. ಪೂರ್ತಿ ಜೋಡಿಸಿ ತೋರಿಸಿಬಿಡುತ್ತೇನೆ, ಕಲ್ಲಪ್ಪನ ಬಾಯಿಯೂ ಮುಚ್ಚುತ್ತದೆ ಅಂದೆ. ಮುಚ್ಚಿ ತಿಪ್ಪೆಗೆ ಹಾಕಿ ಕೈತೊಳೆದುಕೊಳ್ಳಬಹುದಿತ್ತು. ಆದರೆ ನನ್ನ ಕಣ್ಣ ಮುಂದೆ ಆಗಲೇ ಶಾಲೆಯ ಕಪಾಟೂ ಇನ್ಸ್ಪೆಕ್ಟರ್ ಸಾಹೇಬರ ಮುಖವೂ ಕುಣಿಯುತ್ತಿದ್ದವು.

ಜೋಡಿಸುವುದು ಎಲ್ಲಿ? ಜಮಖಾನೆಗೆ ಅವ್ವ ಒಪ್ಪಲಿಲ್ಲ, ಚಾಪೆಗೂ ಒಪ್ಪಲಿಲ್ಲ, ಮಣೆ ಅಂದದ್ದಕ್ಕೆ ಹೊಡೆಯಲಿಕ್ಕೇ ಬಂದಳು. ಕೊನೆಗೆ ಆಕೆಯೇ, "ಊಟಕ್ಕ ತಂದ ಎಲಿ ಒಂದು ತೊಗೊ. ಆಮ್ಯಾಲ ಒಗದರಾತು" ಅಂತ ಒಂದು ಉದ್ದನೆಯ ಎಲೆ ಎಸೆದಳು. ಅಂಗಿ ಕೆಸರಾಗುತ್ತದೆಂದು ಕಳಚಿಟ್ಟೆ. ಪಡಸಾಲೆಯ ಕಟ್ಟೆಯ ಮೇಲೆ ಎಲೆ ಹಾಸಿ ಅದರ ಮುಂದೆ ಚಕ್ಕಂಬಕ್ಕಳ ಹಾಕಿ ಕೂತೆ. ಹುಟ್ಟಿದಾಗಿನಿಂದ ಕೈಗೆ ರೂಢಿಯಾದದ್ದು, ಎಲೆಯ ತುದಿ ತಾನಾಗಿ ಎಡಕ್ಕೆ ಬಂತು. ತೊಳೆಯಲು ಬಲಗಡೆ ಒಂದು ತಂಬಿಗೆ ನೀರು. ಎಲುಬಿಗೆ ಮೆತ್ತಿದ್ದ ಸುಣ್ಣದಂಥ ಕಲೆ ಹೋಗಲೆಂದು, ತಾಮ್ರದ ಕೊಡ ಬೆಳಗುವ ಹಾಗೆ ಉಜ್ಜೋಣವೆಂದು ಹೆಂಡತಿಯಿಂದ ಒಂದು ಹೋಳು ಲಿಂಬೆಹಣ್ಣು, ಒಂದು ಚಿಟಿಕೆ ಉಪ್ಪು ಕೇಳಿದೆ. ಆಕೆ ಮದುವೆಯಾದಾಗಿನಿಂದ ಬಡಿಸಿ ರೂಢಿಯಾದವಳು. ಉಪ್ಪನ್ನೂ ಲಿಂಬೆಯನ್ನೂ ಎಲೆಯ ಮೇಲೆ ಅವು ಎಲ್ಲಿರಬೇಕೋ ಅಲ್ಲೇ ಇಟ್ಟು ಹೋದಳು.

ಕೆಲಸ ಎಷ್ಟು ಚೆನ್ನಾಗಿ ಸಾಗಿತೆಂದರೆ ನನಗೆ ಲೋಕದ ಪರಿವೆ ಉಳಿಯಲಿಲ್ಲ. ತಲೆ, ದವಡೆ, ಬೆನ್ನೆಲುಬು, ಅತ್ತಿತ್ತ ಪಕ್ಕೆಲುಬು, ಎಲ್ಲ ಬೆಳ್ಳಗೆ ಹೊಳೆಯತೊಡಗಿದವು. ಬಾಲದ ಕಡೆಯ ಒಂದು ಎಲುಬಿನ ತೂತಿನಲ್ಲಿ ಮರಳು ಸಿಕ್ಕಿಕೊಂಡಿತ್ತು. ಊದಿ ತೆಗೆಯೋಣವೆಂದು ಅದನ್ನು ಎರಡೂ ಕೈಯಲ್ಲಿ ಹಿಡಿದು ತುಟಿಗೆ ಹಚ್ಚಿದ್ದೇ ತಡ, ಯಾರೋ "ಶಿವಶಿವಾ" ಅಂದಂತಾಯಿತು. ತಲೆಯೆತ್ತಿ ನೋಡುತ್ತೇನೆ, ತಲಬಾಗಿಲಲ್ಲಿ ಗುರುಶಾಂತಪ್ಪ ಸಾಹುಕಾರರು! ಅವರ ಪಕ್ಕದಲ್ಲಿ ಕದರಮಂಡಲಗಿ ಆಂಜನೇಯನ ಪ್ರಸಾದದ ಗಂಟನ್ನು ಎದೆಗೆ ಅವಚಿಕೊಂಡ ನೀಲಮ್ಮ! ದೇವರ ದರ್ಶನ ಬೇಗ ಆಯಿತೆಂದು ಮಧ್ಯಾಹ್ನದ ಗಾಡಿಗೇ ಬಂದುಬಿಟ್ಟಿದ್ದರು.

ಅವರ ಕಣ್ಣಿನಿಂದ ನೀವೇ ಒಮ್ಮೆ ನೋಡಿ. ಹೆಣ್ಣಿನ ಅಣ್ಣ ಮೈಮೇಲೆ ಅಂಗಿಯಿಲ್ಲದೆ ಎಲೆಯ ಮುಂದೆ ಕೂತಿದ್ದಾನೆ. ಎಲೆಯ ಮೇಲೆ ಉಪ್ಪು, ಲಿಂಬೆ. ನಡುವೆ ತಲೆಯಿಂದ ಬಾಲದವರೆಗೆ ಒಂದಿಷ್ಟೂ ಬಿಡದೆ ಚೊಕ್ಕಟ ಮಾಡಿದ ಮಾರುದ್ದದ ಮೀನು. ಕೊನೆಯ ತುಂಡು ಇನ್ನೂ ಬಾಯಲ್ಲಿ. ಭೂಮಿ ಬಾಯಿ ಬಿಡಬಾರದೇ ಅಂತ ಅನ್ನುತ್ತಾರಲ್ಲ, ನನಗೆ ಅದೂ ಹೊಳೆಯಲಿಲ್ಲ. "ಬರ್ರಿ, ಬರ್ರಿ, ಊಟಕ್ಕ ಏಳ್ರಿ" ಅಂದುಬಿಟ್ಟೆ. ರೂಢಿಯ ಮಾತು, ಬಾಯಿಗೆ ಬಂತು.

ನೀಲಮ್ಮ ಒಂದು ಹೆಜ್ಜೆ ಹಿಂದೆ ಸರಿದರು. ಒಳಗಿನಿಂದ ಬಂದ ಅವ್ವ ಬಾಗಿಲ ಚೌಕಟ್ಟು ಹಿಡಿದು ನಿಂತಳು. ಆಕೆಯ ಮುಖ ನೋಡಿ ಶಾಂತಾಳ ಬಾಳನ್ನು ಲಿಂಬೆಹಣ್ಣು ಹಚ್ಚಿ ತೊಳೆದುಬಿಟ್ಟೆನಲ್ಲ ಅನ್ನಿಸಿತು. ಇನ್ನು ವಿದ್ಯೆಯೊಂದೇ ದಾರಿ ಅಂತ ಪಾಠ ಶುರುಮಾಡಿದೆ.

"ಹಂಗಲ್ರೀ, ಇದು ಮಣ್ಣಾಗ ಸಿಕ್ಕಿದ್ದು. ನಾ ಬರೇ ಇದು ಯಾವ ಪ್ರಾಣಿ ಅಂತ ಗುರ್ತ ಹಿಡ್ಯಾಕತ್ತಿದ್ದೆ. ಇದು ಹೊಳಿ ಮೀನ್ರಿ. ಈ ಎಲುಬ ನೋಡ್ರಿ, ಎರಡೂ ಕಡೆ ತಗ್ಗು. ಇವು ಪಕ್ಕೆಲುಬು, ಎಷ್ಟು ತೆಳು ಅದಾವ…"

"ಬಾಳ ತಿಳಕೊಂಡೀರಿ" ಅಂದರು ನೀಲಮ್ಮ.

"ಪುಸ್ತಕದಾಗ ಓದೇನ್ರಿ."

"ಪುಸ್ತಕದಾಗ ಉಪ್ಪು ಲಿಂಬಿನೂ ಬರದಿರ್ತಾರೇನ್ರಿ?"

ಬೆವರು ಇಳಿಯತೊಡಗಿತು. ಬಾಯಿ ಮಾತ್ರ ನಿಲ್ಲಲಿಲ್ಲ. "ಜಾತಿನೂ ಹೇಳ್ತೇನ್ರಿ. ಇದು ಗೆಂಡಿಮೀನ. ದೊಡ್ಡ ಗೆಂಡಿ" ಅಂದೆ. ನಾನು ಧಾರವಾಡದಲ್ಲಿ ಬರೆದ ಚಿತ್ರ ಗೆಂಡೆಮೀನಿನದು. ಬೇರೆ ಮೀನೂ ಲೋಕದಲ್ಲಿ ಇರಬಹುದೆಂದು ನನಗೆ ಆ ಗಳಿಗೆಯಲ್ಲಿ ತೋಚಲಿಲ್ಲ.

ಅಲ್ಲಿಯವರೆಗೆ ಸಾಹುಕಾರರು ಒಂದು ಮಾತೂ ಆಡಿರಲಿಲ್ಲ. ದವಡೆಯನ್ನೇ ನೋಡುತ್ತಿದ್ದರು. ಎರಡು ಸಲ ಗಂಟಲು ಸರಿಮಾಡಿಕೊಂಡು ಸುಮ್ಮನಾದರು. ಮೂರನೆಯ ಸಲ ಅವರಿಂದ ತಡೆಯಲಾಗಲಿಲ್ಲ.

"ಏನ್ ಮಾಸ್ತರ್ರೀ ನೀವು! ಗೆಂಡಿಗೆ ಬಾಯಾಗ ಹಲ್ಲ ಎಲ್ಲಿರ್ತಾವ್ರೀ? ಅದರ ಹಲ್ಲ ಗಂಟಲಾಗ ಇರ್ತಾವ. ಈ ದವಡಿ ನೋಡ್ರಿ, ಹಣಗಿ ಹಲ್ಲಿನಂಗ ಅದಾವ. ಇದು ಬಾಳಿಮೀನ. ಗೆಂಡಿ ಅಂದ್ರ ಮೈತುಂಬ ಸಣ್ಣ ಮುಳ್ಳ, ಆರಿಸಿ ಆರಿಸಿ ಸಾಕಾಗಿ ಹೋಗ್ತೇತಿ. ಬಾಳಿಗೆ ನಡುವ ಒಂದ ಎಲುಬ, ಸರಳ ಬಿಚ್ಚಿ ಬರ್ತೇತಿ…"

ಬಿಚ್ಚಿ ಬಂದದ್ದು ಮಾತು. ಅದು ಅಂಗಳದ ನಡುವೆ ಬಿದ್ದುಕೊಂಡಿತು. ನಾವೆಲ್ಲ ಅದನ್ನು ನೋಡುತ್ತ ನಿಂತೆವು. ಗೋಡೆಯ ಮೇಲಿಂದ ಕಲ್ಲಪ್ಪನೂ ನೋಡಿದ.

"ಗುರುಶಾಂತಾ!" ಅಂದರು ನೀಲಮ್ಮ.

"ಅಂದ್ರ… ವ್ಯಾಪಾರಕ್ಕ ಹರಿಹರದ ಕಡೆ ಹೋದಾಗ ಮಂದಿ ಮಾತಾಡ್ತಿರ್ತಾರಕ್ಕಾ" ಅಂತ ಸಾಹುಕಾರರು ರುಮಾಲಿನಿಂದ ಕುತ್ತಿಗೆ ಒರೆಸಿಕೊಂಡರು. ಹಣೆಯ ವಿಭೂತಿಯೂ ಒರೆಸಿಹೋಯಿತು.

ನೀಲಮ್ಮ ತಮ್ಮನನ್ನು ನೋಡಿದರು, ನನ್ನನ್ನು ನೋಡಿದರು, ಗೋಡೆಯ ಮೇಲಿನ ಕಲ್ಲಪ್ಪನನ್ನೂ ನೋಡಿದರು. ಮನೆತನ ನಡೆಸಿದ ಹೆಂಗಸು. ಈ ಮಾತು ರಾಣೆಬೆನ್ನೂರಿನಲ್ಲೇ ಉಳಿಯಬೇಕಾದರೆ ರಾಣೆಬೆನ್ನೂರಿನವರು ಬೀಗರಾಗಲೇಬೇಕು ಅಂತ ಅವರಿಗೆ ಆ ಕ್ಷಣಕ್ಕೇ ಹೊಳೆದಿರಬೇಕು. "ಲಗೂನ ಹುಡುಗೀನ ಕರೀರಿ. ಗಾಡಿಗೆ ಹೊತ್ತಾಗ್ತದ" ಅಂದರು. ಶಾಂತಾ ಬೆಲ್ಲದ ಚಹಾ ತಂದಿಟ್ಟು ನಮಸ್ಕಾರ ಮಾಡಿದಳು. ಯಾರೂ ಏನೂ ಕೇಳಲಿಲ್ಲ. ಸಾಹುಕಾರರು ಕಪ್ಪಿನಿಂದ ಕಣ್ಣು ಎತ್ತಲಿಲ್ಲ. "ಹುಡುಗಿ ನಮಗ ಪಸಂದ" ಅಂತ ನೀಲಮ್ಮ ಪ್ರಸಾದದ ಗಂಟನ್ನು ಅವ್ವನ ಕೈಗಿಟ್ಟರು. ಅವ್ವ ಅತ್ತಳು.

ಮದುವೆಯೇನೋ ಆಯಿತು. ಆದರೆ ನನ್ನ ಮರ್ಯಾದೆ ಹೋದದ್ದು ಹೋಯಿತು. ಕಲ್ಲಪ್ಪನಿಂದಾಗಿ ಇಡೀ ಪೇಟೆಗೆ ನಾನು ಮೀನಿನ ಮಾಸ್ತರನಾದೆ. ಸಾಹುಕಾರರ ಹೆಸರು ಮಾತ್ರ ಯಾರ ಬಾಯಲ್ಲೂ ಬರಲಿಲ್ಲ. ಸಾಹುಕಾರರ ಹೆಸರು ಹಾಗೆಲ್ಲ ಬರುವುದಿಲ್ಲ. ಅದಕ್ಕಿಂತ ದೊಡ್ಡ ಪೀಡೆ ಅವರ ಸ್ನೇಹ. ಬ್ಯಾಡಗಿಗೆ ಹೋದಾಗಲೆಲ್ಲ ನನ್ನನ್ನು ಮೆಣಸಿನಕಾಯಿ ಚೀಲಗಳ ಮರೆಗೆ ಕರೆದು, "ಮಾಸ್ತರ, ನಮ್ಮ ನಿಮ್ಮೊಳಗ ಏನ್ರಿ ಮುಚ್ಚಮರಿ" ಅಂತ ಹೆಗಲು ತಟ್ಟುತ್ತಾರೆ. ನಾನು ತಿಂದವನೇ ಅಲ್ಲ ಅಂತ ಆಣೆ ಮಾಡಿದೆ. "ಅದು ಗೊತ್ತಾತು ಬಿಡ್ರಿ. ತಿಂದೂ ಗೆಂಡಿ ಯಾವುದು, ಬಾಳಿ ಯಾವುದು ತಿಳೀದಿದ್ರ ತಿನ್ನದಂಗ ಲೆಕ್ಕ" ಅಂತ ನಕ್ಕರು. ತಿನ್ನದ ಮೀನಿನ ರುಚಿ ಗೊತ್ತಿಲ್ಲವೆಂದು ಮೂದಲಿಸಿಕೊಂಡವನು ಈ ಸೀಮೆಯಲ್ಲಿ ನಾನೊಬ್ಬನೇ ಇರಬೇಕು.

ಇದೇ ದೊಡ್ಡ ನಾಚಿಕೆ ಅಂತ ನಾನು ಹೊತ್ತುಕೊಂಡು ತಿರುಗುತ್ತಿದ್ದೆ. ಮದುವೆಯಾದ ವರ್ಷ ಹಬ್ಬಕ್ಕೆ ಬಂದಿದ್ದ ಶಾಂತಾಳನ್ನು ಗಾಡಿಗೆ ಹತ್ತಿಸಲು ಸ್ಟೇಷನ್ನಿಗೆ ನಡೆದಿದ್ದೆ. ದಾರಿಯಲ್ಲಿ ಕಟ್ಟೆಯ ಮೇಲಿನವರು ಎಂದಿನಂತೆ ಪಿಸುಗುಟ್ಟಿದರು. ಶಾಂತಾ ನಕ್ಕಳು. "ನಗಬ್ಯಾಡವ್ವಾ, ನನ್ನ ಮಾನ ಹೋಗೇತಿ" ಅಂದೆ.

"ನನ್ನ ಮಾನ ಉಳಸೇತಿ ಅಣ್ಣಾ ಆ ಮೀನ" ಅಂದಳು. "ಬ್ಯಾಡಗಿಯವರು ಬರೂಕಿಂತ ಮೊದಲ ಬಂದವರೆಲ್ಲಾ ನನ್ನ ನಡಸಿ ನೋಡಿದ್ರು, ಜಡಿ ಬಿಚ್ಚಿ ನೋಡಿದ್ರು. ಹಾವೇರಿಯವರು ಬಾಯಿ ತಗಸಿ ಹಲ್ಲ ನೋಡಿದ್ರು. ಅವತ್ತ ಎಲ್ಲಾರೂ ಮೀನಿನ ಹಲ್ಲ ನೋಡಿದ್ರು, ನನಗ ಯಾರೂ ಬಾಯಿ ತಗಿ ಅನ್ನಲಿಲ್ಲ."

"ಹಾವೇರಿಯವರು ಬಂದ ದಿನಾ ನಾನೂ ಅಲ್ಲೇ ಕೂತಿದ್ದೆ" ಅಂದೆ.

"ಕೂತಿದ್ದಿ," ಅಂದಳು. "ಶಾಸ್ತ್ರದ ಮಾಸ್ತರ ಅಂತ ಅವರು ನಿನ್ನ ಕೇಳಿದ್ರು. 'ಮೂವತ್ತೆರಡೂ ಸರಿ ಅದಾವ್ರಿ' ಅಂದಿ. ಅಣ್ಣಾ, ನನಗ ಆಗ ಕಡೀ ದವಡಿಹಲ್ಲ ನಾಕೂ ಬಂದಿರಲೇ ಇಲ್ಲ. ಇದ್ದದ್ದ ಇಪ್ಪತ್ತೆಂಟು."

ಗಾಡಿ ಬಂತು. ಟ್ರಂಕು ಮೇಲಿಟ್ಟು ಕೆಳಗಿಳಿದೆ. ಕಿಟಕಿಯಲ್ಲಿ ಶಾಂತಾ ಇನ್ನೂ ನಗುತ್ತಿದ್ದಳು. ನಾನು ಅವಳ ಹಲ್ಲುಗಳ ಕಡೆ ನೋಡದೆ, ಬರುತ್ತೇನವ್ವಾ ಅಂತ ಕೈಯೆತ್ತಿದೆ.