ಸಾರಣೆ ಇಲ್ಲದ ಮನೆ

ನಮ್ಮ ಕಡೆ ಮನೆ ಕಟ್ಟಿಸುವವರಿಗೆ ಬುದ್ಧಿ ಹೇಳಿ ಉದ್ಧಾರವಾದವರಿಲ್ಲ. ನಾನು ಹೇಳುವುದು ಬಿಡಲಿಲ್ಲ, ಅದಕ್ಕೇ ಇಂಥದ್ದೆಲ್ಲ ನನಗೇ ಆಗುವುದು. ಎರಡು ಸಾವಿರದ ಇಸವಿಯ ಆಸುಪಾಸಿನಲ್ಲಿ ಮಣಿಪಾಲದಲ್ಲೊಂದು ಎಂಜಿನಿಯರ್ ಆಫೀಸು ತೆರೆದಿದ್ದೆ. ತಲೆಯಲ್ಲಿ ಒಂದೇ ಹುಚ್ಚು: ಕೆಂಪುಕಲ್ಲಿನ ಗೋಡೆಗೆ ಸಿಮೆಂಟಿನ ಸಾರಣೆ, ಅಂದರೆ ಪ್ಲಾಸ್ಟರು, ಬೇಡ, ಮೇಲೆ ಹಂಚು ಸಾಕು, ಮನೆ ತಂಪು, ಕರೆಂಟೂ ಉಳಿತಾಯ. ಅಂಥ ಒಂದು ಮನೆಯಾದರೂ ಕಟ್ಟಿ ತೋರಿಸದಿದ್ದರೆ ಆಫೀಸಿಗೆ ಬೀಗ ಹಾಕಿ ಮಾವನ ಸಿಮೆಂಟ್ ಅಂಗಡಿಯಲ್ಲಿ ಕೂರುವುದೇ ಗತಿಯಾಗಿತ್ತು.

೧. ತಂಪಿನ ಭಾಷಣ

ಕರೆಂಟು ಉಳಿಸುವ ಕಟ್ಟಡಗಳ ಬಗ್ಗೆ ಉಡುಪಿಯಲ್ಲೊಂದು ವಿಚಾರಗೋಷ್ಠಿ. ಸಭಾಂಗಣದಲ್ಲಿ ಏಸಿ ಎಷ್ಟು ಜೋರು ಅಂದರೆ, ಭಾಷಣಕಾರರು ಮೇ ತಿಂಗಳಲ್ಲಿ ಕೋಟು ಹಾಕಿಕೊಂಡೇ ಗಾಳಿ ಬೆಳಕಿನ ಮಹಿಮೆ ಹೇಳುತ್ತಿದ್ದರು. ಅಷ್ಟರಲ್ಲಿ ಕರೆಂಟು ಹೋಯಿತು, ಜನರೇಟರೂ ಕೈಕೊಟ್ಟಿತು. ಕಿಟಕಿ ತೆರೆಯೋಣ ಅಂದರೆ ಎಲ್ಲ ಗಾಜು ಅಂಟಿಸಿದ್ದೇ. ಬೆವರು ಸುರಿಸುತ್ತ ಹಿಂದಿನ ಹಂಚಿನ ಕ್ಯಾಂಟೀನಿಗೆ ಹೋಗಿ ಉಳಿದ ಭಾಷಣ ಆರಾಮಾಗಿ ಕೇಳಿದೆವು. ವಂದನಾರ್ಪಣೆಯಲ್ಲಿ ಮೊದಲ ಧನ್ಯವಾದ ಹೋದದ್ದು ಜನರೇಟರ್ ರಿಪೇರಿಯವನಿಗೆ.

೨. ಬಾಕಿ ಕೆಲಸ

ಕಾರ್ಕಳದ ಒಬ್ಬ ಮಾಸ್ತರರು ನನ್ನ ಮಾತು ಒಪ್ಪಿದರು. ಕಲ್ಲಿಗೆ ಕಲ್ಲು ಕೂಡಿಸಿದ ಗೋಡೆ ನೋಡಿ ನನಗೇ ಹೆಮ್ಮೆ. ಗೃಹಪ್ರವೇಶಕ್ಕೆ ಬಂದ ನೆಂಟರೆಲ್ಲ ಕೇಳಿದ್ದು ಒಂದೇ, ಕೆಲಸ ಇನ್ನೂ ಬಾಕಿ ಉಂಟಾ ಅಂತ. ಊಟದಲ್ಲಿ ಪಾಯಸ ಬರುವ ಹೊತ್ತಿಗೆ ಮಾಸ್ತರರ ಮುಖ ಸಣ್ಣದಾಗಿತ್ತು. ತಿಂಗಳು ಬಿಟ್ಟು ಹೋಗಿ ನೋಡುತ್ತೇನೆ, ಇಡೀ ಮನೆಗೆ ಸಾರಣೆ! ಅದರ ಮೇಲೆ ಕೆಂಪು ಬಣ್ಣ, ಬಣ್ಣದ ಮೇಲೆ ಚೌಕ ಚೌಕವಾಗಿ ಬಿಳಿ ಗೆರೆ.

ಮಾಸ್ತರರು ನನ್ನನ್ನು ಸಮಾಧಾನ ಮಾಡಿದರು: "ಬೇಜಾರು ಮಾಡಬೇಡಿ. ಈಗ ಕಲ್ಲಿನ ಹಾಗೆಯೇ ಕಾಣುತ್ತದೆ, ಅಲ್ವಾ?"

೩. ಹಳೆ ಹಂಚು

ಪಡುಬಿದ್ರಿಯ ಒಬ್ಬರು ಹಂಚಿನ ಮನೆ ಕೆಡವಿ ಟೆರೇಸು ಮನೆ ಕಟ್ಟಿಸಿದರು. ಮೊದಲ ಬೇಸಿಗೆಗೇ ಮಾಳಿಗೆಯಲ್ಲಿ ಕಾಲಿಡಲಾಗಲಿಲ್ಲ. ಮಾರಿದ ಹಂಚನ್ನೇ ವಾಪಸು ತಂದು ಟೆರೇಸಿನ ಮೇಲೆ ಇಳಿಜಾರು ಮಾಡು ಹಾಕಿಸಿದರು. ಆಮೇಲೆ ನನ್ನನ್ನು ಕರೆದು, ಟೆರೇಸು ಮನೆ ಎಷ್ಟು ತಂಪು ನೋಡಿ ಎಂದು ನನಗೇ ಪಾಠ ಹೇಳಿದರು.

೪. ಸ್ವಂತದ್ದು

ಕೊನೆಗೆ ಅಲೆವೂರಿನಲ್ಲಿ ನನ್ನ ಮನೆಯನ್ನೇ ಸಾರಣೆ ಇಲ್ಲದೆ ಕಟ್ಟಿದೆ. ಬಹರೈನಿನಿಂದ ಬಂದಿದ್ದ ಇನ್ನಂಜೆಯ ಒಬ್ಬರು, ಮೊದಲು ನಿಮ್ಮ ಮನೆ ತೋರಿಸಿ, ಮತ್ತೆ ನಮ್ಮದರ ಮಾತು ಎಂದರು. ಆದಿತ್ಯವಾರ ಬರುವುದೆಂದು ನಿಶ್ಚಯವಾಯಿತು. ಅದಕ್ಕೆ ಮೊದಲು ನಾಲ್ಕು ದಿನ ನಾವೆಲ್ಲ ಕುಂದಾಪುರದಲ್ಲಿ ಮದುವೆಗೆ ಹೋಗಿದ್ದೆವು. ವಾಪಸು ಬರುತ್ತ ಉಡುಪಿಯಲ್ಲೇ ಅವರನ್ನು ಹತ್ತಿಸಿಕೊಂಡು, ಕಲ್ಲಿನ ಗೋಡೆಯ ಗುಣಗಾನ ಮಾಡುತ್ತ ಅಂಗಳಕ್ಕೆ ಕಾಲಿಟ್ಟೆ.

ಎದುರಿನ ಗೋಡೆ ಬೂದು ಬಣ್ಣದಲ್ಲಿ ನುಣ್ಣಗೆ ನಿಂತಿತ್ತು. ಮನೆ ಕಟ್ಟಿದ ಬಾಗಲಕೋಟೆಯ ಮೇಸ್ತ್ರಿ ಪೈಪು ಹಿಡಿದು ಹೊಸ ಸಾರಣೆಗೆ ನೀರು ಬಿಡುತ್ತಿದ್ದ.

"ಸಾಹೇಬ್ರ, ಊರ ಮಂದಿಗೆಲ್ಲಾ ಮನಿ ಕಟ್ಟಿಸಿಕೊಟ್ರಿ, ನಿಮ್ಮ ಮನಿ ಹಂಗ ಬತ್ತಲೆ ನಿಂತಿತ್ತು. ನೋಡಾಕ ಆಗಲಿಲ್ರಿ. ನಾವ ನಾಕು ಮಂದಿ ಕೂಡಿ ಮುಗಿಸೀವಿ. ನೀವೇನೂ ಕೊಡಬ್ಯಾಡ್ರಿ" ಎಂದ.

ನನ್ನ ಉಪನ್ಯಾಸಗಳನ್ನೆಲ್ಲ ಹೂಂಗುಟ್ಟಿ ಕೇಳಿದ್ದ ಪುಣ್ಯಾತ್ಮ, ಕೈ ಖಾಲಿಯಾದವರು ಹಾಗೇ ಮಾತಾಡುತ್ತಾರೆ ಎಂದುಕೊಂಡಿದ್ದನಂತೆ. ಕೋಪವೂ ಬಂತು, ಅಳುವೂ ಬಂತು. ಅವನ ಸಿಮೆಂಟು ತಿಂದ ಕೈ ನೋಡಿ ಬೈಯಲು ಮನಸ್ಸು ಬರಲಿಲ್ಲ. ಸಮಜಾಯಿಷಿ ಹೇಳಲು ಇನ್ನಂಜೆಯವರ ಕಡೆ ತಿರುಗಿದೆ. ಅವರು ನನ್ನ ಕಡೆ ನೋಡಲೇ ಇಲ್ಲ. ಗೋಡೆಯನ್ನು ಮೇಲಿಂದ ಕೆಳಗೆ ಸವರಿ, ಮೇಸ್ತ್ರಿಯ ಹೆಗಲ ಮೇಲೆ ಕೈಯಿಟ್ಟು ಕೇಳಿದರು:

"ಒಳ್ಳೆ ಕೆಲಸ ಮಾರಾಯ. ಇನ್ನಂಜೆಗೆ ಯಾವಾಗ ಬರ್ತೀ?"