ಕೇಬಲ್ ಕಡಿದವರು ಯಾರು?

ಕೊಡಗಿನಲ್ಲಿ ಫೋನ್ ಸತ್ತರೆ, ನೆಟ್ ನಿಂತರೆ ಜನ ಮೊದಲು ಆಕಾಶ ನೋಡುತ್ತಾರೆ, ಆಮೇಲೆ ನನ್ನನ್ನು ನೋಡುತ್ತಾರೆ. ನಾನು ಕುಶಾಲನಗರದ ಕಡೆಯ ಸಣ್ಣ ಗುತ್ತಿಗೆದಾರ. ರಸ್ತೆ ಬದಿ ಅಗೆದು ಕುಡಿಯುವ ನೀರಿನ ಪೈಪ್ ಹಾಕುವುದು ಕೆಲಸ. ಹಾಸನದಿಂದ ಬಂದು ಇಲ್ಲಿ ನೆಲೆಸಿದ ನಮ್ಮಪ್ಪ ಅಗೆದರೆ ಶುಂಠಿ ಸಿಗುತ್ತಿತ್ತು, ನಾನು ಅಗೆದರೆ ಯಾರದಾದರೂ ಕೇಬಲ್ ಸಿಗುತ್ತದೆ. ಇಷ್ಟು ವರ್ಷ ಮಾನ ಉಳಿದಿರುವುದು ನನ್ನ ಜಾಣತನದಿಂದಲ್ಲ, ದಾರಿಯಲ್ಲಿ ಸಿಕ್ಕ ಒಳ್ಳೆಯವರಿಂದ.

೧. ಜಾಗ ಬಿಟ್ಟ ಟೀ ಅಂಗಡಿ

ಪೊನ್ನಂಪೇಟೆ ಹತ್ತಿರ ಕೆಲಸ. ಅಗೆಯುವ ಮುಂಚೆ ಕೇಬಲ್‌ನವರ ಕಚೇರಿಗೆ ಹೋಗಿ ನಕ್ಷೆ ತಂದೆ. ಕೇಬಲ್ ಟೀ ಅಂಗಡಿಯ ಮುಂದೆ ಹಾದುಹೋಗುತ್ತದೆ ಎಂದು ಪೆನ್ಸಿಲಿನಲ್ಲಿ ಬರೆದಿತ್ತು. ಅಂಗಡಿ ಎಡಗಡೆ ಇತ್ತು. ಜೆಸಿಬಿಯನ್ನು ಬಲಗಡೆ ನಿಲ್ಲಿಸಿ ಇನ್ನೇನು ಬಕೆಟ್ ಇಳಿಸಬೇಕು, ಅಂಗಡಿಯವನು ಟೀ ಸೋಸುವ ಬಟ್ಟೆ ಹಿಡಿದುಕೊಂಡೇ ಓಡಿ ಬಂದ.

"ಅಲ್ಲಿ ಬೇಡ ಸಾರ್. ಕೇಬಲ್ ಇರೋದೇ ಅಲ್ಲಿ."

"ನಕ್ಷೆಯಲ್ಲಿ ನಿಮ್ಮ ಅಂಗಡಿ ಮುಂದೆ ಅಂತಿದೆಯಲ್ಲ?"

"ಆವಾಗ ಅಂಗಡಿ ಅಲ್ಲಿತ್ತು. ರಸ್ತೆ ಅಗಲ ಮಾಡಿದಾಗ ಈ ಕಡೆ ಬಂದೆ."

ಗುದ್ದಲಿಯಲ್ಲಿ ಮೆಲ್ಲಗೆ ಅಗೆಸಿ ನೋಡಿದರೆ ಮೊಣಕಾಲುದ್ದಕ್ಕೇ ಕೇಬಲ್. ಅವನಿಗೆ ಕೈ ಮುಗಿದು, ನಕ್ಷೆ ತಿದ್ದಿಕೊಳ್ಳಿ ಎಂದು ಕಚೇರಿಗೆ ತಿಳಿಸಿದೆ. ಅವರು ಅಂಗಡಿಯವನನ್ನೇ ದಬಾಯಿಸಿದರಂತೆ. ಪಾಪ, ಅವನು ನನ್ನನ್ನು ಕೇಳಿದ, "ಅಂಗಡಿ ಬದಲಾಯಿಸಿದ್ದನ್ನ ಪಂಚಾಯ್ತಿಗೆ ಹೇಳಿದ್ದೆ. ಕೇಬಲ್‌ಗೂ ಹೇಳ್ಬೇಕಿತ್ತಾ ಸಾರ್?"

೨. ಇಳಿಯದ ಮೆಷಿನ್

ಭಾಗಮಂಡಲದಲ್ಲಿ ಲಾರಿ ನಿಲ್ಲಿಸಿ ಹತ್ತು ನಿಮಿಷ ಆಗಿರಲಿಲ್ಲ. ವಯಸ್ಸಾದ ಅರ್ಚಕರೊಬ್ಬರು ಕೊಡೆ ಹಿಡಿದು ಮಳೆಯಲ್ಲೇ ಬಂದರು.

"ನೀವು ಬಂದಿರಿ, ನಮ್ಮನೆ ನೆಟ್ ಹೋಯಿತು."

"ಭಟ್ರೇ, ಮೆಷಿನ್ ಇನ್ನೂ ಲಾರಿ ಮೇಲೇ ಇದೆ ನೋಡಿ."

"ಹಾಗಾದರೆ ಅದನ್ನು ಇಳಿಸೋದು ಬೇಡ" ಎಂದು ಹೇಳಿ ಹೋದರು.

ಒಂದು ಗಂಟೆ ಬಿಟ್ಟು ಅದೇ ಮಳೆಯಲ್ಲಿ ಮತ್ತೆ ಬಂದರು. ಕೈಯಲ್ಲಿ ಬಿಸಿ ಪಾಯಸದ ಪಾತ್ರೆ. ಕೆಲಸದವರೆಲ್ಲರ ಎದುರಿಗೆ, "ತಪ್ಪು ನಮ್ಮದೇ ಮಾರಾಯರೇ, ರೀಚಾರ್ಜ್ ಮುಗಿದಿತ್ತು" ಎಂದರು. ನಮ್ಮ ಕಸುಬಿನಲ್ಲಿ ಬೈಗುಳ ಧಾರಾಳ, ಕ್ಷಮೆ ಕೇಳಿದವರು ಅವರೊಬ್ಬರೇ. ನನ್ನ ಕಣ್ಣು ಒದ್ದೆಯಾಯಿತು. ಈಗಲೂ ನೆಟ್ ಹೋದರೆ ಪಕ್ಕದ ಮನೆಯ ಫೋನಿನಿಂದ ನನ್ನನ್ನು ಕೇಳುತ್ತಾರೆ, "ನೀವು ಊರಿಗೆ ಬಂದಿಲ್ಲ ತಾನೇ?" ಇಲ್ಲ ಎಂದ ಮೇಲೆಯೇ ರೀಚಾರ್ಜ್ ಮಾಡಿಸುತ್ತಾರೆ.

೩. ನೆಲದಡಿಯ ಕೇಬಲ್

ನೆಲ್ಯಹುದಿಕೇರಿಯದು ನಗುವ ವಿಷಯವೇ ಆಗಿರಲಿಲ್ಲ. ಸೋಮವಾರ ಅಲ್ಲಿ ಪೈಪಿಗೆ ಕಾಲುವೆ ತೆಗೆದೆವು. ಅದೇ ದಿನ ಅಲ್ಲಿನ ಕಚೇರಿಗಳಲ್ಲಿ ನೆಟ್ ಇಲ್ಲವೆಂದು ದೂರು ಹೋಯಿತು. ಕೇಬಲ್ ಕಂಪನಿಯಿಂದ ನನಗೆ ನೋಟಿಸ್ ಬಂತು. ಒಂದು ಮೀಟರ್ ಆಳದಲ್ಲಿದ್ದ ಕೇಬಲನ್ನು ನಿಮ್ಮ ಯಂತ್ರ ತುಂಡರಿಸಿದೆ, ನಿಮ್ಮನ್ನು ಕಪ್ಪು ಪಟ್ಟಿಗೆ ಸೇರಿಸಲು ಇಲಾಖೆಗೆ ಬರೆಯುತ್ತೇವೆ ಎಂದಿತ್ತು. ಆ ಪಟ್ಟಿಗೆ ಹೆಸರು ಹೋದರೆ ಮತ್ತೆ ಟೆಂಡರ್ ಇಲ್ಲ, ನನ್ನನ್ನು ನಂಬಿದ ಎಂಟು ಜನಕ್ಕೆ ಕೆಲಸ ಇಲ್ಲ. ನಮ್ಮ ಜೆಸಿಬಿ ಆಪರೇಟರ್, "ಅಣ್ಣ, ಬಕೆಟ್ಟಿಗೆ ಒಂದು ಬೇರೂ ತಾಗಿಲ್ಲ" ಎಂದು ಆಣೆ ಮಾಡಿದ. ಆದರೆ ಆಣೆಯನ್ನು ಫೈಲಿಗೆ ಹಾಕುವುದು ಹೇಗೆ?

ತುಂಡಾದ ಜಾಗ ಹುಡುಕಲು ಕಂಪನಿಯ ಅಧಿಕಾರಿಯೂ ನಾನೂ ಆಪರೇಟರೂ ಒಟ್ಟಿಗೆ ಹೊರಟೆವು. ರಸ್ತೆ ತಿರುವಿನಲ್ಲಿ ದೊಡ್ಡ ಬಂಡೆ, ಅದರ ಹಿಂದೆ ಒಂದು ಮನೆ. ಅಧಿಕಾರಿಯ ಕೈಯಲ್ಲಿದ್ದ ಕಾಗದಪತ್ರ ನೋಡಿದ್ದೇ ತಡ, ಒಬ್ಬ ಮಲಯಾಳಿ ಅಜ್ಜಿ ಮಗನನ್ನು ಕರೆಯುವಂತೆ ಅಂಗಳದಿಂದಲೇ ಕೂಗಿದರು.

"ಆನೆ ಪರಿಹಾರದೋರಾ? ಬನ್ನಿ ಮೋನೇ, ಎಷ್ಟು ದಿನ ಕಾಯೋದು?"

ನಾವು ಅಲ್ಲ ಎನ್ನುವಷ್ಟರಲ್ಲಿ ಒಳಗಿನಿಂದ ಅರಣ್ಯ ಇಲಾಖೆಗೆ ಕೊಟ್ಟ ಅರ್ಜಿಯ ಪ್ರತಿ ತಂದು ಅಧಿಕಾರಿಯ ಕೈಗಿಟ್ಟರು. ಕಾಡಾನೆಯಿಂದ ಆದ ನಷ್ಟ: ಬಾಳೆ ಮೂರು, ಸೀರೆ ಒಂದು, ಬಟ್ಟೆ ಒಣಹಾಕುವ ಹಗ್ಗ ಒಂದು.

"ಹಗ್ಗಕ್ಕೂ ಪರಿಹಾರವಾ ಅಜ್ಜಿ?" ಅಧಿಕಾರಿ ನಕ್ಕರು.

"ಒಳ್ಳೆ ಹಗ್ಗ ಮೋನೇ. ಬಿಸಿಲಿಗೆ ಬಿರಿಯಲ್ಲ, ಮಳೆಗೆ ಕೊಳೆಯಲ್ಲ. ನೋಡಿ."

ನೋಡಿದೆವು. ಬಂಡೆಯ ಈಚೆ ನೆಲದಿಂದ ಮೇಲೆದ್ದ ಕರಿ ಕೇಬಲ್ ಎರಡು ಸಿಲ್ವರ್ ಓಕ್ ಮರಗಳಿಗೆ ಸುತ್ತಿಕೊಂಡು, ಬಂಡೆಯ ಆಚೆ ಮತ್ತೆ ನೆಲಕ್ಕೆ ಇಳಿದಿತ್ತು. ನಡುವೆ ತುಂಡಾಗಿತ್ತು. ಒಂದು ತುದಿಯಲ್ಲಿ ಬಟ್ಟೆ ಕ್ಲಿಪ್ಪುಗಳು ಇನ್ನೂ ಕಚ್ಚಿಕೊಂಡಿದ್ದವು. ಕೇಬಲ್ ಹಾಕಿದವರಿಗೆ ಬಂಡೆ ಒಡೆಯಲು ಬೇಸರವಾಗಿ ಹೀಗೆ ದಾಟಿಸಿ, ಕಾಗದದಲ್ಲಿ ಒಂದು ಮೀಟರ್ ಆಳ ಎಂದು ಬರೆದುಕೊಂಡು ಹೋಗಿದ್ದರು.

ಅಧಿಕಾರಿಯ ಮುಖದ ನಗು ಹೋಯಿತು. "ಇದು ಊರಿನವರ ಫೋನ್ ಮಾತೆಲ್ಲ ಹೋಗೋ ಕೇಬಲ್. ಹೀಗೆ ಮೇಲಿದೆ ಅಂತ ನಮಗೆ ಹೇಳ್ಬಾರದಿತ್ತಾ ಅಜ್ಜಿ?"

"ಕಟ್ಟಿದೋರು ನಿಮ್ಮವರೇ ಅಲ್ವಾ? ಅಂತೂ ಒಂದು ಯೋಜನೆ ನಮ್ಮ ಮನೆ ತನಕ ಬಂತು ಅಂತ ಸುಮ್ಮನಿದ್ದೆ."

ಅರ್ಜಿಯ ಜೊತೆ ಅರಣ್ಯ ರಕ್ಷಕ ತೆಗೆದ ಫೋಟೊ ಇತ್ತು. ಒಂದು ಕೈಯಲ್ಲಿ ಹರಿದ ಸೀರೆ, ಇನ್ನೊಂದರಲ್ಲಿ ಕೇಬಲ್ ತುದಿ ಹಿಡಿದು ಅಜ್ಜಿ ನಿಂತಿದ್ದರು. ಕೆಳಗೆ ತಾರೀಕು ಭಾನುವಾರದ್ದು. ಅಂದು ಕಚೇರಿಗಳಿಗೆ ರಜೆ, ಹಾಗಾಗಿ ನೆಟ್ ಹೋದದ್ದು ಯಾರಿಗೂ ತಿಳಿದಿರಲಿಲ್ಲ. ನಮ್ಮ ಮೆಷಿನ್ ಊರಿಗೆ ಬಂದದ್ದು ಮರುದಿನ. ಆಪರೇಟರ್ ಅಲ್ಲೇ ಜಗಲಿಯ ಮೇಲೆ ಕುಳಿತು ಅತ್ತುಬಿಟ್ಟ.

ಆ ಅಧಿಕಾರಿಯೂ ದೊಡ್ಡವರು. ತಮ್ಮ ಕಂಪನಿಯ ಹುಳುಕು ಎಂದು ಮುಚ್ಚಿಡಬಹುದಿತ್ತು, ಮುಚ್ಚಿಡಲಿಲ್ಲ. ಅಲ್ಲೇ ಕುಳಿತು ಕಂಪನಿಯ ಹಾನಿ ವರದಿಯ ನಮೂನೆ ತುಂಬಿದರು. ಹಾನಿ ಮಾಡಿದವರ ಹೆಸರು: ಕಾಡಾನೆ. ವಿಳಾಸ: ಮೀಸಲು ಅರಣ್ಯ. ಅಗೆಯುವ ಮುನ್ನ ಅನುಮತಿ ಪಡೆದಿದ್ದಾರೆಯೇ: ಇಲ್ಲ.

ನೋಟಿಸ್ ವಾಪಸಾಯಿತು. ಆ ವಾರವೇ ಒಂದು ಸೀರೆಯನ್ನೂ ಒಳ್ಳೆಯ ನೈಲಾನ್ ಹಗ್ಗವನ್ನೂ ತೆಗೆದುಕೊಂಡು ಹೋಗಿ, ಹಗ್ಗವನ್ನು ಅದೇ ಮರಗಳಿಗೆ ಕೈಯಾರೆ ಕಟ್ಟಿದೆ. ಅಜ್ಜಿ ಜಗ್ಗಿ ನೋಡಿದರು. ಬಟ್ಟೆ ಹಾಕುವ ಮೊದಲು ಹತ್ತಿರ ಬಂದು ದನಿ ತಗ್ಗಿಸಿ ಕೇಳಿದರು:

"ಇದರೊಳಗೆ ಯಾರೂ ಮಾತಾಡಲ್ಲ ತಾನೇ?"