ಓದದೆ ಹೇಳಿದ ಓಂ ಶಾಂತಿ

ಮೊಬೈಲಿಗೆ ಬಂದದ್ದನ್ನು ಓದದೆಯೇ ಉತ್ತರಿಸುವ ವಿದ್ಯೆಯಲ್ಲಿ ನಮ್ಮ ತಾಲೂಕಿನಲ್ಲಿ ನನ್ನನ್ನು ಮೀರಿಸುವವರಿಲ್ಲ. ಕೊಪ್ಪದ ಹತ್ತಿರ ನಾರ್ವೆ ಎಂಬ ಹಳ್ಳಿಯ ನಮ್ಮ ಮನೆಯಲ್ಲಿ ನೆಟ್‌ವರ್ಕ್ ಸಿಗುವುದಿಲ್ಲ. ಬೆಳಿಗ್ಗೆ ಕೊಪ್ಪ ಪೇಟೆ ತಲುಪಿದೊಡನೆ ಹಿಂದಿನ ರಾತ್ರಿಯದೆಲ್ಲ ಒಟ್ಟಿಗೆ ಬಂದು ಬೀಳುತ್ತದೆ. ಕೇಕ್ ಕಂಡರೆ 'ಶುಭಾಶಯಗಳು', ಸರ್ಟಿಫಿಕೇಟ್ ಕಂಡರೆ 'ಅಭಿನಂದನೆಗಳು', ಹಾರ ಹಾಕಿದ ಫೋಟೋ ಕಂಡರೆ 'ಓಂ ಶಾಂತಿ'. ಶಾಲೆಯ ಗೇಟು ಬರುವಷ್ಟರಲ್ಲಿ ಲೋಕದ ಋಣವೆಲ್ಲ ತೀರಿರುತ್ತದೆ. ಇಂಥ ನನ್ನನ್ನೇ ಹೆಡ್‌ಮಾಸ್ಟರು ಸೈಬರ್ ಸುರಕ್ಷತೆಯ ಉಸ್ತುವಾರಿಗೆ ಹಾಕಿದ್ದರು. ಕಾರಣ, ಶಾಲೆಯ ವಾಟ್ಸಾಪ್ ಗ್ರೂಪಿನಲ್ಲಿ ನಾನು ಬಹಳ ಚುರುಕು.

"ಫೋನಿನಲ್ಲಿ ಯಾರಾದರೂ ಯಾರನ್ನಾದರೂ ಗೋಳು ಹೊಯ್ದುಕೊಂಡರೆ ನನಗೆ ಬಂದು ಹೇಳಿ" ಎಂದು ಒಂಬತ್ತನೇ ಕ್ಲಾಸಿನಲ್ಲಿ ಭಾಷಣ ಬಿಗಿದೆ. ನಂಬಿ ಬಂದವಳು ಶ್ರಾವ್ಯ ಒಬ್ಬಳೇ. ತನ್ನ ಗೆಳತಿ ರಚನಾ ತೊದಲುವುದನ್ನು ರೆಕಾರ್ಡ್ ಮಾಡಿ ಹಂಚುತ್ತಿದ್ದ ಮೂವರು ಹುಡುಗಿಯರ ಹೆಸರು ಹೇಳಿದಳು. ನಾನು ಅವರನ್ನು ಗದರಿಸಿ, ಕೆಲಸ ಮುಗಿಯಿತೆಂದು ಕೈ ತೊಳೆದುಕೊಂಡೆ.

ಮರುವಾರ ಒಂದು ಬೆಳಿಗ್ಗೆ ಹಾಜರಿ ಕರೆಯುತ್ತ "ಶ್ರಾವ್ಯ" ಎಂದೆ. ಉತ್ತರವಿಲ್ಲ. ಇನ್ನೊಮ್ಮೆ ಕರೆದೆ. "ಅವಳು ಇಲ್ಲ ಸಾರ್" ಎಂದು ಹಿಂದಿನ ಬೆಂಚಿನಿಂದ ತಣ್ಣನೆಯ ದನಿ ಬಂತು. ಇಲ್ಲದವಳು ಎರಡನೇ ಬೆಂಚಿನಲ್ಲಿ, ನನ್ನ ಕಣ್ಣೆದುರಿಗೇ ಕೂತಿದ್ದಳು. ಅವಳ ಮುಂದೆ ಡೆಸ್ಕಿನ ಮೇಲೆ ಒಂದು ಚೆಂಡುಹೂವು. ಪಕ್ಕದಲ್ಲಿ ಯಾರೂ ಇಲ್ಲ. ಇಡೀ ಕ್ಲಾಸು ಅವಳು ಕೂತ ಜಾಗವನ್ನು ದಾಟಿ ಗೋಡೆ ನೋಡುತ್ತಿತ್ತು. ಯಾರೂ ನಗಲಿಲ್ಲ, ನಕ್ಕಿದ್ದರೆ ಎಷ್ಟೋ ವಾಸಿಯಿತ್ತು. ಅವಳು ನನ್ನೊಬ್ಬನಿಗೇ ಕಾಣುತ್ತಿದ್ದಾಳೋ ಎಂಬ ಅನುಮಾನ ಬಂತು. ಕನ್ನಡಕ ತೆಗೆದು ಒರೆಸಿಕೊಂಡೆ. ಆಗಲೂ ಇದ್ದಳು.

ಬೆಲ್ ಹೊಡೆದ ಮೇಲೆ ಸ್ಟಾಫ್ ರೂಮಿಗೆ ಕರೆದು "ಎಂತಾಯ್ತು?" ಅಂದೆ.

"ನಿಮ್ಮ ಫೋನೇ ನೋಡಿ ಸಾರ್" ಅಂದಳು.

ಹಿಂದಿನ ರಾತ್ರಿ ಶಾಲೆಯ ಗ್ರೂಪಿಗೆ, ಆ ಮೂವರಲ್ಲಿ ಒಬ್ಬಳ ಅಪ್ಪನ ನಂಬರಿನಿಂದ, ಹಾರ ಹಾಕಿದ ಫೋಟೋ ಬಂದಿತ್ತು. ಶ್ರಾವ್ಯಳದು. ಕೆಳಗೆ ಪೋಷಕರು, ಮೇಷ್ಟ್ರುಗಳು ಸಾಲಾಗಿ ಓಂ ಶಾಂತಿ ಕೋರಿದ್ದರು. ಕೊನೆಯದು ನನ್ನದು, ಕೈಮುಗಿದ ಚಿತ್ರದ ಸಮೇತ.

"ಬೆಳಿಗ್ಗೆ ಬೇಗಾರು ಊರಿಂದ ಅತ್ತೆ ಅಳ್ತಾ ಬಂದ್ರು ಸಾರ್. ಬಾಗಿಲು ತೆಗ್ದಿದ್ದು ನಾನೇ. ನನ್ನ ನೋಡಿ ಕಿರುಚಿಕೊಂಡ್ರು. ಇಲ್ಲಿ ಬಂದ್ರೆ, ಮೇಷ್ಟ್ರೇ ಓಂ ಶಾಂತಿ ಹಾಕಿದಾರೆ, ಇನ್ನು ನೀನೆಂತ ಬದುಕೋದು ಅಂತಾರೆ ಕ್ಲಾಸಿನವ್ರು." ಹೇಳುವಾಗ ಅವಳು ಅಳಲೂ ಇಲ್ಲ. ನನಗೆ ನಾಚಿಕೆಯಿಂದ ತಲೆಯೆತ್ತಲಾಗಲಿಲ್ಲ.

ಆ ಮೂವರನ್ನೂ ಅವರ ಅಪ್ಪ ಅಮ್ಮಂದಿರನ್ನೂ ಕರೆಸಿದೆ. "ತಮಾಷೆಗೆ ಮಾಡಿದ್ದು ಸಾರ್" ಎಂದು ಅತ್ತರು. ಗ್ರೂಪಿನಿಂದ ಫೋಟೋ ತೆಗೆಸಿದ್ದಾಯಿತು. ನನ್ನ ತಪ್ಪನ್ನು ಅಷ್ಟು ಸುಲಭಕ್ಕೆ ತೆಗೆಯುವ ಹಾಗಿರಲಿಲ್ಲ. ಹೇಳಿಕೇಳಿ ಕನ್ನಡ ಮೇಷ್ಟ್ರು. ಮನೆಗೆ ಹೊರಡುವ ಮೊದಲು ಗ್ರೂಪಿನಲ್ಲಿ 'ತೀವ್ರ ವಿಷಾದದಿಂದ ತಿಳಿಸುವುದೇನೆಂದರೆ' ಎಂದು ಆರಂಭಿಸಿ, ಶ್ರಾವ್ಯ ಕ್ಷೇಮವಾಗಿದ್ದಾಳೆ, ಓದದೆ ಸಂತಾಪ ಹೇಳಿದ್ದಕ್ಕೆ ಕ್ಷಮೆಯಿರಲಿ ಎಂದು ಉದ್ದಕ್ಕೆ ಬರೆದು, ಕೊನೆಗೆ ನನ್ನ ಹೆಸರು ಹಾಕಿದೆ.

ಮರುದಿನ ಹಾಜರಿಯಲ್ಲಿ ಅವಳ ಹೆಸರು ಕರೆದೆ. ಅಷ್ಟರಲ್ಲಿ, ಶ್ರಾವ್ಯಳ ಪಕ್ಕಕ್ಕೆ ಬಂದು ಕೂತಿದ್ದ ರಚನಾ ಎದ್ದು ನಿಂತು, "ಇ... ಇದಾಳೆ ಸಾರ್" ಅಂದಳು.

"ನಾನಿದೀನಿ. ಆದ್ರೆ ನೀವಿಲ್ಲ ಸಾರ್" ಅಂದಳು ಶ್ರಾವ್ಯ. "ಗ್ರೂಪ್ ನೋಡಿ."

ನೋಡಿದೆ. ಜನ ಮೊದಲ ಸಾಲನ್ನೂ ಕೊನೆಯ ಹೆಸರನ್ನೂ ಮಾತ್ರ ಓದಿದ್ದರು. ಓಂ ಶಾಂತಿ, ಓಂ ಶಾಂತಿ. ಮೊದಲನೆಯದೇ ಹೆಡ್‌ಮಾಸ್ಟರದು. ಕ್ಲಾಸು ಬಿದ್ದು ಬಿದ್ದು ನಕ್ಕಿತು, ಶ್ರಾವ್ಯಳೂ ನಕ್ಕಳು. ನನಗೆ ನಿಜಕ್ಕೂ ಸಮಾಧಾನವಾಯಿತು.

ಆದರೆ ಅವತ್ತು ಸಂಜೆ ಬಸ್ಸಿನಲ್ಲಿ ಕಂಡಕ್ಟರು ನನ್ನೊಬ್ಬನನ್ನು ಬಿಟ್ಟು, ನನ್ನ ಹಿಂದಿನ ಸೀಟಿನವರ ಹತ್ತಿರ ಟಿಕೆಟ್ ಕೇಳಿದಾಗ ಮಾತ್ರ ತಡೆಯಲಾಗಲಿಲ್ಲ. ಎದ್ದು ನಿಂತು, ಬಸ್ಸಿಗೆ ಬಸ್ಸೇ ತಿರುಗಿ ನೋಡುವ ಹಾಗೆ ಕೂಗಿದೆ: "ನಾನಿದೀನಿ ಮಾರಾಯಾ!"